ಕಾಫಿ ತೋಟದ ಕೂಲಿಯನ್ನು ಗೊತ್ತು ಮಾಡುವವರು ಯಾರು? ಬಾಳ್ಳುಪೇಟೆ ಕಡೆಯ ಒಂದು ಪ್ರಕರಣ

ಕಾಫಿಗೆ ಬೆಲೆ ಬಂದರೆ ಆಳಿನ ಕೂಲಿ ಏರುತ್ತದೆ, ಬೆಲೆ ಬಿದ್ದರೆ ಕೂಲಿಯೂ ನಿಲ್ಲುತ್ತದೆ. ಮಲೆನಾಡಿನ ಹೊರಗಿನವರು ಹೀಗಂದುಕೊಂಡಿರುತ್ತಾರೆ. ನಡೆದದ್ದು ಬೇರೆ. 2018 ಮತ್ತು 2019ರ ಆಗಸ್ಟ್ ಮಳೆಗೆ ತೋಟಗಳು ತತ್ತರಿಸಿ ಹೋದವು. ಆಗ ಕಾಫಿ ಬೆಲೆಯೂ ನೆಲ ಕಚ್ಚಿತ್ತು. ಕೂಲಿ ಮಾತ್ರ ಏರುತ್ತಲೇ ಹೋಯಿತು. 2024-25ರ ಕೊಯ್ಲಿಗೆ ಅರೇಬಿಕಾ, ರೋಬಸ್ಟಾ ಎರಡಕ್ಕೂ ಹಿಂದೆ ಕಾಣದಂಥ ಬೆಲೆ ಬಂತು. ಆಗಲೂ ಕೂಲಿ ಏರಿತು, ಆದರೆ ಬೆಲೆ ಏರಿದ್ದರ ಹತ್ತಿರವೂ ಸುಳಿಯಲಿಲ್ಲ. ಅಂದರೆ ತೋಟದ ಕೂಲಿಯನ್ನು ಗೊತ್ತು ಮಾಡುತ್ತಿರುವುದು ಕಾಫಿ ಅಲ್ಲ.

ಮತ್ತೆ ಯಾವುದು? ಇದನ್ನು ಒಂದೇ ತೋಟವನ್ನು ಮುಂದಿಟ್ಟುಕೊಂಡು ನೋಡೋಣ. ಹಾಸನ ಜಿಲ್ಲೆಯ ಆಲೂರು ಮತ್ತು ಸಕಲೇಶಪುರ ತಾಲೂಕುಗಳು ಕೂಡುವ ಕಡೆ, ಬಾಳ್ಳುಪೇಟೆಯಿಂದ ಒಳಗೆ ಹೋದರೆ ಸಿಗುವ ತೋಟ ಅದು. ಬೆಳೆಗಾರರ ಹೆಸರೂ ಊರೂ ಇಲ್ಲಿ ಬೇಡ. ಕೂಲಿ ಲೆಕ್ಕ ಹೇಳುವಾಗ ತಿಳಿಯಲು ಸುಲಭ ಆಗಲಿ ಅಂತ ದುಂಡು ಮೊತ್ತ ಹಿಡಿದಿದ್ದೇನೆ. ಸರ್ಕಾರದ ದರಗಳನ್ನು ಮಾತ್ರ ಇದ್ದಂತೆಯೇ ಕೊಟ್ಟಿದ್ದೇನೆ.

ತೋಟ ಇರುವುದು ಹನ್ನೆರಡು ಎಕರೆ. ಮೇಲಿನ ಇಳಿಜಾರಿನಲ್ಲಿ ಅರೇಬಿಕಾ, ಕೆಳಗೆ ರೋಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಹಳ್ಳದ ಪಕ್ಕ ಒಂದಿಷ್ಟು ಗದ್ದೆ. ನಮ್ಮ ದೇಶದಲ್ಲಿ ಕಾಫಿ ಬೆಳೆಗಾರರು ಅಂದರೆ ಜೀಪು, ಬಂಗಲೆ ಕಣ್ಣಿಗೆ ಬರುತ್ತದೆ ಅಲ್ವಾ? ನಿಜದಲ್ಲಿ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಇವರದ್ದು 5 ಹೆಕ್ಟೇರ್ ಕೂಡ ಆಗುವುದಿಲ್ಲ. ಹಾಗಾಗಿ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಿಶುಪಾಲನೆ ಕೊಡಬೇಕು ಎನ್ನುವ 1951ರ ತೋಟ ಕಾರ್ಮಿಕರ ಕಾಯ್ದೆಯ ವ್ಯಾಪ್ತಿಗೂ ಇಂಥ ತೋಟ ಬರಲಿಲ್ಲ. ಆ ಕಾಯ್ದೆ ಹಿಡಿದದ್ದು 5 ಹೆಕ್ಟೇರ್ ಮತ್ತು ಅದಕ್ಕೆ ಮೇಲ್ಪಟ್ಟ, 15 ಅಥವಾ ಹೆಚ್ಚು ಜನ ಕೆಲಸ ಮಾಡುವ ತೋಟಗಳನ್ನು. ತೋಟದೊಳಗೆ ಕಾರ್ಮಿಕರಿಗೆ ಸಾಲಾಗಿ ಕಟ್ಟಿಕೊಡುವ ಲೈನ್ ಮನೆ ಇಲ್ಲಿ ಇಲ್ಲ. ಆಳು ಬರುವುದು ಸುತ್ತಲಿನ ಊರುಗಳಿಂದ, ಬೆಳಿಗ್ಗೆ ನಡೆದುಕೊಂಡು ಅಥವಾ ಪಿಕಪ್ ಗಾಡಿಯಲ್ಲಿ.

ಒಂದು ವಿಷಯ ಗಮನಿಸಿ. ಲೈನ್ ಮನೆ ಇದ್ದರೆ ಆಳು ಅಲ್ಲೇ ಇರುತ್ತಾರೆ. ಇಲ್ಲಿ ಹಾಗಲ್ಲ. ಪ್ರತಿ ಬೆಳಿಗ್ಗೆ ಪ್ರತಿಯೊಬ್ಬ ಹೆಣ್ಣುಮಗಳೂ ಮನೆಯ ಹೊಸ್ತಿಲಲ್ಲಿ ನಿಂತು ಇವತ್ತು ಎಲ್ಲಿಗೆ ಹೋಗಲಿ ಅಂತ ತೀರ್ಮಾನ ಮಾಡುತ್ತಾಳೆ. ಈ ಪ್ರಕರಣದ ಪೂರ್ತಿ ಕಥೆ ಇರುವುದು ಆ ತೀರ್ಮಾನದಲ್ಲಿ.

ಕಣದಲ್ಲಿ ಒಂದು ಸಂಜೆ

ರೋಬಸ್ಟಾ ಕೊಯ್ಲಿನ ದಿನಗಳು. ಸಂಜೆ ಐದರ ಹೊತ್ತಿಗೆ ಎಲ್ಲರೂ ಚೀಲ ಹೊತ್ತುಕೊಂಡು ಕಣಕ್ಕೆ ಬರುತ್ತಾರೆ. ಎಲೆ, ಕಡ್ಡಿ, ಹಸಿಕಾಯಿ ಆರಿಸಿ ತೆಗೆದು, ತಮ್ಮ ತಮ್ಮ ಹಣ್ಣನ್ನು ಬೇರೆ ಬೇರೆ ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ತಕ್ಕಡಿ ಪಕ್ಕ ತೋಟದ ಲೆಕ್ಕ ಬರೆಯುವ ರೈಟರು ನೋಟ್‌ಬುಕ್ ಹಿಡಿದು ನಿಂತಿರುತ್ತಾರೆ. ದಿನಗೂಲಿ ಇಲ್ಲ, ಕೆಜಿ ಲೆಕ್ಕ. ಗಿಡದ ತುಂಬ ಹಣ್ಣಿದ್ದ ದಿನ ಚುರುಕು ಕೈಯವರು ದಿನಗೂಲಿಯ ಎರಡರಷ್ಟು ದುಡಿದದ್ದೂ ಉಂಟು. ಕೊನೆಕೊನೆಗೆ ಹಣ್ಣು ತೆಳುವಾದಾಗ ಅದೇ ಕೈಗೆ ದಿನಗೂಲಿಯೂ ಗಿಟ್ಟುವುದಿಲ್ಲ.

ಅವತ್ತು ತೂಕ ಮುಗಿದ ಮೇಲೆ ಗುಂಪಿನ ಹಿರಿಯಾಕೆ ಮಾತು ತೆಗೆದರು.

"ಗೌಡ್ರೇ, ನಾಳೆಯಿಂದ ಕೆಜಿಗೆ ಒಂದು ರೂಪಾಯಿ ಜಾಸ್ತಿ ಮಾಡಿ. ಇಲ್ಲಾಂದ್ರೆ ನಮ್ಮಲ್ಲಿ ನಾಲ್ಕು ಜನ ಶುಂಠಿ ಕೀಳೋಕೆ ಹೋಗ್ತೀವಿ."

"ಒಂದು ರೂಪಾಯಿ ಅಂದ್ರೆ ಒಟ್ಟು ಎಷ್ಟಾಗುತ್ತೆ ಗೊತ್ತೇನಕ್ಕ?"

"ನಿಮಗೆ ಎಷ್ಟಾಗುತ್ತೋ ನಮಗೆ ಗೊತ್ತಿಲ್ಲ ಗೌಡ್ರೇ. ಅಲ್ಲಿ ಎಷ್ಟು ಸಿಗುತ್ತೆ ಅನ್ನೋದು ಗೊತ್ತು."

ಕೂಲಿಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತು ನಾನು ಕೇಳಿಲ್ಲ. ಆಕೆ ತನ್ನ ಕೆಲಸದಿಂದ ತೋಟಕ್ಕೆ ಎಷ್ಟು ಲಾಭ ಅಂತ ಲೆಕ್ಕ ಹಾಕಲಿಲ್ಲ, ಹಾಕಬೇಕಾಗಿಯೂ ಇಲ್ಲ. ಅದೇ ದಿನ, ಅದೇ ಎರಡು ಕೈಗೆ ಬೇರೆ ಕಡೆ ಏನು ಸಿಗುತ್ತದೆ ಅನ್ನುವುದಷ್ಟೇ ಆಕೆಯ ಲೆಕ್ಕ. ಮಾಲೀಕರೂ ಕೊನೆಗೆ ಒಪ್ಪಿದ್ದು ಕಾಫಿ ಬೆಲೆ ನೋಡಿಕೊಂಡಲ್ಲ. ನಾಲ್ಕು ಜನ ಹೋದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಉದುರಿದ ಹಣ್ಣಿನಲ್ಲಿ ಕಾಯಿಕೊರಕ ಸೇರಿಕೊಂಡು ಮುಂದಿನ ವರ್ಷದ ಬೆಳೆಗೂ ಕುತ್ತು ತರುತ್ತದೆ. ಆ ಹೆದರಿಕೆಗೆ ಒಪ್ಪಿದರು.

ಆಕೆಯ ಮುಂದಿದ್ದ ದಾರಿಗಳು

ಶುಂಠಿಯಿಂದ ಶುರು ಮಾಡೋಣ. ಹಾಸನ ಜಿಲ್ಲೆಯ ಈ ಭಾಗದಲ್ಲಿ ಗದ್ದೆ, ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವುದು ಹಳೆಯ ರೂಢಿ. ಕೇರಳದಿಂದ ಬಂದು ಬೆಳೆಯುವವರೂ ಬಹಳ ಮಂದಿ. ಶುಂಠಿ ಅಂದರೆ ಜೂಜಿನ ಬೆಳೆ ಅಂತಲೇ ಜನ ಹೇಳುತ್ತಾರೆ. 2023ರಲ್ಲಿ ಬೆಲೆ ಆಕಾಶಕ್ಕೇರಿತು. ಬೆಲೆ ಇರುವಾಗ ಕಿತ್ತು ಲಾರಿಗೆ ತುಂಬುವ ಅವಸರದಲ್ಲಿ ಬೆಳೆಗಾರ ಕೂಲಿಗೆ ಚೌಕಾಸಿ ಮಾಡುವುದಿಲ್ಲ. ಶುಂಠಿ ಕೀಳುವುದೂ ಕಾಫಿ ಕೊಯ್ಲೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಬೀಳುತ್ತವೆ. ಪಕ್ಕದ ಹೊಲದಲ್ಲಿ ಐವತ್ತು ರೂಪಾಯಿ ಜಾಸ್ತಿ ಅಂದರೆ ಆ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ತೋಟಗಳನ್ನೂ ಮುಟ್ಟಿರುತ್ತದೆ.

ಮುಂದೆ ಶುಂಠಿ ಬೆಲೆ ಕುಸಿಯಿತು. ಕೂಲಿ ಕುಸಿಯಲಿಲ್ಲ. ಯಾಕೆ? ಅಷ್ಟರಲ್ಲಿ ಈ ಊರಿನ ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಗಟ್ಟಿಯಾಗಿತ್ತು. ಅದೇ ಗಾರ್ಮೆಂಟ್ಸ್.

ಹಾಸನದ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆ ಕಾರ್ಖಾನೆಗಳಿವೆ. ಆಲೂರು ಕಡೆಯ ಊರುಗಳಿಂದ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಎದ್ದು, ಅಡುಗೆ ಮುಗಿಸಿ, ಡಬ್ಬಿ ಕಟ್ಟಿಕೊಂಡು ಬಸ್ಸು, ವ್ಯಾನು ಹತ್ತುತ್ತಾರೆ. ಅಲ್ಲಿಯ ಸಂಬಳ ತೋಟದ ಕೂಲಿಗಿಂತ ಮಹಾ ಜಾಸ್ತಿ ಏನಲ್ಲ. ಲೆಕ್ಕಕ್ಕೆ ತಿಂಗಳಿಗೆ 12,000 ಅಂತ ಹಿಡಿಯೋಣ. ಪಿಎಫ್‌ಗೆ ಶೇ 12 ಹೋದರೆ 1,440. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ 0.75 ಅಂದರೆ 90. ಕೈಗೆ ಬರುವುದು 10,470. ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ 403ರ ಆಸುಪಾಸು. ಅದೇ ಹೊತ್ತಿಗೆ ತೋಟದಲ್ಲಿ ಹೆಣ್ಣಾಳಿಗೆ 450 ಅಂತ ಇಟ್ಟುಕೊಳ್ಳಿ. ಮೇಲ್ನೋಟಕ್ಕೆ ತೋಟವೇ ವಾಸಿ ಅನಿಸುತ್ತದೆ.

ಈಗ ಹೆಣ್ಣುಮಕ್ಕಳು ಹಾಕುವ ಲೆಕ್ಕ ನೋಡಿ. ಕಡಿದ 1,440ಕ್ಕೆ ಕಂಪನಿಯೂ ಅಷ್ಟೇ ಸೇರಿಸುತ್ತದೆ, ಅದರಲ್ಲಿ ಒಂದು ಪಾಲು ಪಿಂಚಣಿಗೆ ಹೋಗುತ್ತದೆ. ಇಎಸ್‌ಐಗೆ ಕಂಪನಿ ಶೇ 3.25 ಕಟ್ಟುತ್ತದೆ, ಮನೆಯವರಿಗೂ ಆಸ್ಪತ್ರೆ ಸಿಗುತ್ತದೆ. ವರ್ಷಕ್ಕೊಮ್ಮೆ ಬೋನಸ್, ವರ್ಷದ ಸಂಬಳದ ಕನಿಷ್ಠ ಶೇ 8.33. ಅಂದರೆ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ. ತೋಟದಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸ ಇರುವುದಿಲ್ಲ. ತಿಂಗಳಿಗೆ ಇಪ್ಪತ್ತೆರಡು ದಿನ ಸಿಕ್ಕರೂ 9,900. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸ್ವಸಹಾಯ ಸಂಘದ ಸಾಲದ ಕಂತು ವಾರವಾರ ಕಟ್ಟಲೇಬೇಕು. ಮಳೆ ಬಂತು, ಕೂಲಿ ಇಲ್ಲ ಅಂದರೆ ಸಂಘ ಕೇಳುವುದಿಲ್ಲ. ತಿಂಗಳ ತಿಂಗಳ ಖಾತೆಗೆ ಬೀಳುವ ಸಂಬಳಕ್ಕೆ ಇರುವ ಬೆಲೆ ಅಂಥ ಮನೆಯವರಿಗೇ ಗೊತ್ತು.

ಪಿಎಫ್ ಅಂದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಎಷ್ಟು ಮುಖ್ಯ ಅನ್ನುವುದನ್ನು 2016ರ ಏಪ್ರಿಲ್‌ನಲ್ಲಿ ಇಡೀ ರಾಜ್ಯ ನೋಡಿದೆ. ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಹೊಸ ನಿರ್ಬಂಧ ಹಾಕಿದಾಗ ಬೆಂಗಳೂರಿನಲ್ಲಿ ಸಾವಿರಾರು ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ರಸ್ತೆಗೆ ಇಳಿದರು. ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆ ದುಡ್ಡು ಅವರ ಪಾಲಿಗೆ ಮಗಳ ಮದುವೆ, ಮನೆಯ ಸೂರು, ಬಡ್ಡಿ ಸಾಲದಿಂದ ಬಿಡುಗಡೆ.

ಇದಕ್ಕೆ ಬಸ್ಸೂ ಸೇರಿಕೊಂಡಿತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೊದಲು ಹಾಸನಕ್ಕೆ ದಿನಾ ಹೋಗಿ ಬರುವ ಖರ್ಚು ಸಂಬಳದಲ್ಲಿ ಕಳೆಯಬೇಕಿತ್ತು. ಈಗ ಕಾರ್ಖಾನೆಯ ವ್ಯಾನು ಬಾರದ ಊರಿನವರಿಗೂ ಆ ಖರ್ಚು ಉಳಿಯಿತು. ಕಾರ್ಖಾನೆ ಒಂದು ರೂಪಾಯಿ ಜಾಸ್ತಿ ಮಾಡದೆ ಆಕೆಯ ಕೈಗೆ ಬರುವ ದುಡ್ಡು ಜಾಸ್ತಿಯಾಯಿತು. ಅದನ್ನು ಸರಿಗಟ್ಟಬೇಕಾದ್ದು ತೋಟದ ಮಾಲೀಕರು. ಬಸ್ ಟಿಕೆಟ್ಟಿನ ನಿರ್ಧಾರ ಕಾಫಿ ಕೊಯ್ಲಿನ ದರಕ್ಕೆ ಬಂದು ತಗುಲುವುದು ಹೀಗೆ.

ಉದ್ಯೋಗ ಖಾತ್ರಿಯೂ ಇದೆ. ಕರ್ನಾಟಕದಲ್ಲಿ ನರೇಗಾ ದಿನಗೂಲಿ 2019-20ರಲ್ಲಿ 249 ಇದ್ದದ್ದು 2024-25ರಲ್ಲಿ 349 ಆಯಿತು, 2025-26ರಲ್ಲಿ 370. ಇದು ತೋಟದ ಕೂಲಿಗಿಂತ ಕಡಿಮೆಯೇ. ಖಾತ್ರಿ ಕೆಲಸಕ್ಕೆ ಅಂತ ತೋಟ ಬಿಟ್ಟು ಹೋದವರು ಈ ಊರಲ್ಲಿ ಜಾಸ್ತಿ ಇಲ್ಲ. ಆದರೂ ಆ ದರ ತಳಪಾಯ ಹಾಕುತ್ತದೆ. ಅದಕ್ಕಿಂತ ಕೆಳಗೆ ಯಾರೂ ಕೂಲಿ ಹೇಳುವಂತಿಲ್ಲ. ಖಾತ್ರಿ ಯೋಜನೆ ಬಂದ ಜಿಲ್ಲೆಗಳಲ್ಲಿ ಬೇಸಿಗೆಯ ಕಾಲದ ಖಾಸಗಿ ಕೂಲಿ ಸುಮಾರು ಶೇ 5ರಷ್ಟು ಏರಿತು ಎಂದು ದೇಶದ ಅಂಕಿಅಂಶ ಇಟ್ಟುಕೊಂಡು ನಡೆದ ಅಧ್ಯಯನವೊಂದು ಕಂಡುಕೊಂಡಿದೆ. ಇನ್ನೊಂದು ಗುಣ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಖಾತ್ರಿಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದರ. ತೋಟದಲ್ಲಿ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಇನ್ನೊಂದು ಅಂತ ತಲೆತಲಾಂತರದಿಂದ ನಡೆದು ಬಂದದ್ದಕ್ಕೆ ಮೊದಲ ಸಲ ಊರೊಳಗೇ ಒಂದು ಎದುರು ಲೆಕ್ಕ ಸಿಕ್ಕಿತು.

ಗಂಡಸರ ದಾರಿಗಳು ಬೇರೆ. ಬೆಂಗಳೂರಿನ ಕಟ್ಟಡ ಕೆಲಸ, ಡ್ರೈವಿಂಗ್, ಸಕಲೇಶಪುರ ಮೂಡಿಗೆರೆ ಕಡೆಯ ಹೋಂಸ್ಟೇ, ರೆಸಾರ್ಟ್. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಹಾದು ಹಾಸನಕ್ಕೆ ಬೆಂಗಳೂರಿನ ನೇರ ರೈಲು ಬಂದ ಮೇಲೆ ಊರಿಗೂ ಬೆಂಗಳೂರಿಗೂ ದೂರ ಕಮ್ಮಿಯಾಯಿತು. ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಏಣಿ ಹತ್ತುವ, ಮೆಣಸು ಕುಯ್ಯುವ ಗಂಡಾಳಿಗೆ ಕೂಲಿ ಏರಿದ್ದು ಇದರಿಂದ. ಆ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಳ್ಳುವ ಅಪಾಯವೂ ಇದೆ. ಆಲೂರು, ಸಕಲೇಶಪುರ ಸೀಮೆಯಲ್ಲಿ ಅದರ ಮೇಲೆ ಆನೆ. ಅರಣ್ಯ ಇಲಾಖೆಯಿಂದ ಆನೆ ಬಂದಿದೆ ಎಂದು ಮೊಬೈಲಿಗೆ ಸಂದೇಶ ಬಂದ ದಿನ ತೋಟಕ್ಕೆ ಬರಲು ಯಾರಿಗೂ ಮನಸ್ಸಿರುವುದಿಲ್ಲ. ಕೆಲಸಕ್ಕೆ ಹೋಗುವಾಗ ಆನೆ ತುಳಿದು ಸತ್ತ ಕಾರ್ಮಿಕರು ಈ ಸೀಮೆಯಲ್ಲಿ ಇದ್ದಾರೆ. ಕಾರ್ಖಾನೆಯ ಒಳಗೆ ಆನೆ ಬರುವುದಿಲ್ಲ. ಅಷ್ಟೇ ಕೂಲಿಗೆ ಎರಡರಲ್ಲಿ ಒಂದನ್ನು ಆರಿಸು ಅಂದರೆ ಯಾರಾದರೂ ಯಾವುದನ್ನು ಆರಿಸುತ್ತಾರೆ ಹೇಳಿ.

ಹಳೆಯ ಕಥೆಯೇ

ಹೀಗೆ ಆಗುತ್ತಿರುವುದು ಇದೇ ಮೊದಲಲ್ಲ. ಒಂದು ಕಾಲಕ್ಕೆ ಈ ತೋಟಗಳಿಗೆ ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಜನ ಬರುತ್ತಿದ್ದರು. ಮೇಸ್ತ್ರಿ ಮುಂಗಡ ಕೊಟ್ಟು ಗುಂಪು ಕಟ್ಟಿ ಕರೆದುಕೊಂಡು ಬರುವುದು. ಆಮೇಲೆ ಅಲ್ಲಿ ಬೀಡಿ ಕಟ್ಟುವ ಕೆಲಸ ಮನೆಬಾಗಿಲಿಗೇ ಬಂತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ನೆಲ ಸಿಕ್ಕಿತು. ಮಕ್ಕಳು ಓದಿದರು, ಮುಂಬೈಗೋ ಗಲ್ಫಿಗೋ ಹೋದರು. ಘಟ್ಟ ಹತ್ತುವವರು ಕಮ್ಮಿಯಾದರು. ತೋಟದವರು ಆಗ ಬಯಲುಸೀಮೆಯ ಕಡೆ, ತಮಿಳುನಾಡಿನ ಕಡೆ ಮುಖ ಮಾಡಿದರು. ಈಗ ಅಸ್ಸಾಮಿನ ಕಡೆ.

ಆರ್ಥರ್ ಲೂಯಿಸ್ ಎಂಬ ಅರ್ಥಶಾಸ್ತ್ರಜ್ಞರು 1954ರಲ್ಲಿ ಇದನ್ನು ವಿವರಿಸಿದ್ದರು. ಅವರು ಕೆರಿಬಿಯನ್ ದ್ವೀಪವಾದ ಸೇಂಟ್ ಲೂಸಿಯಾದವರು, 1979ರಲ್ಲಿ ನೊಬೆಲ್ ಬಂತು. ಹಳ್ಳಿಯಲ್ಲಿ ಕೆಲಸವಿಲ್ಲದ ಕೈಗಳು ಬೇಕಾದಷ್ಟು ಇರುವ ತನಕ ಪೇಟೆಯ ಉದ್ಯಮ ಎಷ್ಟೇ ಬೆಳೆದರೂ ಕೂಲಿ ಏರುವುದಿಲ್ಲ. ಆ ಕೈಗಳು ಮುಗಿದ ದಿನದಿಂದ ಎಲ್ಲರ ಕೂಲಿಯೂ ಏರತೊಡಗುತ್ತದೆ. ನಮ್ಮ ತೋಟಗಳು ಮಾಡಿದ್ದು ಏನೆಂದರೆ, ಒಂದು ಸೀಮೆಯಲ್ಲಿ ಆ ದಿನ ಬಂದಾಗಲೆಲ್ಲ ಇನ್ನೂ ಆ ದಿನ ಬಾರದ ಬೇರೆ ಸೀಮೆ ಹುಡುಕಿದ್ದು.

ಕ್ಷೌರದಂಗಡಿ ಮತ್ತು ಕಾಫಿ ಗಿಡ

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕಾರ್ಖಾನೆಯಲ್ಲಿ ಹೊಸ ಯಂತ್ರ ಬಂದು ಒಬ್ಬರು ದಿನಕ್ಕೆ ಹೊಲಿಯುವ ಬಟ್ಟೆ ಜಾಸ್ತಿಯಾದರೆ ಸಂಬಳ ಏರುವುದು ಅರ್ಥವಾಗುತ್ತದೆ. ತೋಟದಲ್ಲಿ ಏನು ಬದಲಾಗಿದೆ? ಅಜ್ಜಿ ಹಣ್ಣು ಕೊಯ್ದದ್ದೂ ಕೈಯಲ್ಲೇ, ಮೊಮ್ಮಗಳು ಕೊಯ್ಯುವುದೂ ಕೈಯಲ್ಲೇ. ಬ್ರೆಜಿಲ್‌ನಲ್ಲಿ ಸಮತಟ್ಟು ನೆಲದ ತೋಟಗಳಲ್ಲಿ ಯಂತ್ರ ಓಡಿಸಿ ಕೊಯ್ಲು ಮಾಡುತ್ತಾರೆ. ನಮ್ಮದು ಇಳಿಜಾರು, ಮೇಲೆ ಮರದ ನೆರಳು, ಅಂಥ ಯಂತ್ರ ಇಲ್ಲಿ ನುಗ್ಗುವುದಿಲ್ಲ. ಕೆಲಸ ಅಷ್ಟೇ, ಕೂಲಿ ಮಾತ್ರ ಏರಿದೆ.

ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಲ್. 1960ರ ದಶಕದಲ್ಲಿ ಅವರು ವಿಲಿಯಂ ಬೋವೆನ್ ಜೊತೆ ಸೇರಿ ನಾಟಕ ಮತ್ತು ಸಂಗೀತ ಮಂಡಳಿಗಳ ಖರ್ಚುವೆಚ್ಚ ಅಭ್ಯಾಸ ಮಾಡಿದರು. ಯುರೋಪಿನ ಸಂಗೀತಗಾರ ಬೀಥೋವನ್ ಕಾಲದ, ನಾಲ್ವರು ನುಡಿಸುವ ಒಂದು ರಚನೆಗೆ ಆಗಲೂ ನಾಲ್ಕು ಜನ ಬೇಕಿತ್ತು, ಈಗಲೂ ನಾಲ್ಕು ಜನ ಬೇಕು, ಹಿಡಿಯುವ ಹೊತ್ತೂ ಅಷ್ಟೇ. ಆದರೂ ವಾದಕರ ಸಂಬಳ ಎಷ್ಟೋ ಪಟ್ಟು ಏರಿದೆ. ಏರದೇ ಇದ್ದರೆ ಅವರು ಪಿಟೀಲು ಕೆಳಗಿಟ್ಟು ಬೇರೆ ಕೆಲಸ ಹಿಡಿಯುತ್ತಿದ್ದರು. ಕೆಲಸ ಚುರುಕಾದ ಉದ್ಯಮಗಳು ಸಂಬಳ ಏರಿಸುತ್ತವೆ, ಚುರುಕಾಗಲು ಸಾಧ್ಯವೇ ಇಲ್ಲದ ಕಸುಬುಗಳು ಜನ ಉಳಿಸಿಕೊಳ್ಳಲು ಹಿಂದೆ ಹಿಂದೆ ಓಡಬೇಕಾಗುತ್ತದೆ.

ಬಾಳ್ಳುಪೇಟೆಯ ಕ್ಷೌರದಂಗಡಿಗೂ ಈ ಮಾತು ಅನ್ವಯಿಸುತ್ತದೆ. ತಲೆಗೂದಲು ಕತ್ತರಿಸುವ ಹೊತ್ತು ಕಮ್ಮಿಯಾಗಿಲ್ಲ. ಅಂಗಡಿಯ ಹುಡುಗ ಮಾತ್ರ ಹಾಸನಕ್ಕೋ ಬೆಂಗಳೂರಿಗೋ ಹೋಗಬಲ್ಲ. ಅವನನ್ನು ಉಳಿಸಿಕೊಳ್ಳಬೇಕಾದರೆ ಅಂಗಡಿಯವರು ಅವನಿಗೆ ಜಾಸ್ತಿ ಕೊಡಬೇಕು. ಕೊಡುತ್ತಾರೆ, ಗೋಡೆ ಮೇಲಿನ ದರಪಟ್ಟಿ ತಿದ್ದುತ್ತಾರೆ. ನಾವು ಗೊಣಗುತ್ತಾ ಕೊಡುತ್ತೇವೆ. ಅಡುಗೆಯವರು, ಗಾರೆಯವರು, ಮದುವೆ ಮನೆಯಲ್ಲಿ ಬಡಿಸುವವರು, ಎಲ್ಲರದ್ದೂ ಇದೇ ದಾರಿ.

ಕಾಫಿ ಬೆಳೆಗಾರರಿಗೆ ಆ ದಾರಿ ಇಲ್ಲ. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ, ರೋಬಸ್ಟಾ ಬೆಲೆ ಲಂಡನ್ನಿನಲ್ಲಿ ತೀರ್ಮಾನ ಆಗುತ್ತದೆ. ನಮ್ಮಲ್ಲಿ ಕೂಲಿ ಜಾಸ್ತಿಯಾಯಿತು, ಚೀಲಕ್ಕೆ ಐನೂರು ಜಾಸ್ತಿ ಕೊಡಿ ಅಂತ ಅವರು ಯಾರನ್ನು ಕೇಳಬೇಕು? ಕೂಲಿಯೂ ಹೊರಗಿನಿಂದ ಬರುತ್ತದೆ, ಬೆಲೆಯೂ ಹೊರಗಿನಿಂದ ಬರುತ್ತದೆ. ಬೆಲೆ ಇರುವ ವರ್ಷ ನಡೆದುಹೋಗುತ್ತದೆ. ಬೆಲೆ ಬಿದ್ದ ವರ್ಷ ಹನ್ನೆರಡು ಎಕರೆಯವರು ಬ್ಯಾಂಕಿನ ಬಾಗಿಲಲ್ಲಿ ನಿಲ್ಲುತ್ತಾರೆ. ಸಣ್ಣ ಬೆಳೆಗಾರರ ಈ ಸಂಕಟ ನಿಜವಾದದ್ದು. ಅವರನ್ನು ಸುಮ್ನೆ ಸಾಹುಕಾರರು ಅಂತ ತಳ್ಳಿಹಾಕುವುದು ಅನ್ಯಾಯ.

ಹಾಗಂತ ಹೊರೆ ಆಳಿನ ಮೇಲೆ ಹಾಕುವುದೂ ಸರಿಯಲ್ಲ. ಒಂದು ಕೊಯ್ಲಿನ ಮೊದಲು ಸುತ್ತಲಿನ ಬೆಳೆಗಾರರು ಸೇರಿ, ಇಂತಿಷ್ಟಕ್ಕಿಂತ ಜಾಸ್ತಿ ಯಾರೂ ಕೊಡಬಾರದು ಎಂದು ಮಾತಾಡಿಕೊಂಡಿದ್ದರು. ಅದು ಬಾಳಿಕೆ ಬರಲಿಲ್ಲ. ಹಣ್ಣು ಮೊದಲು ಮಾಗಿದ ತೋಟದವರು ರಾತ್ರೋರಾತ್ರಿ ಮೇಸ್ತ್ರಿಗೆ ಫೋನ್ ಮಾಡಿ ಜಾಸ್ತಿ ಹೇಳಿದರು. ಅವರನ್ನು ದೂರುವುದು ಹೇಗೆ? ಮಾತು ಮುರಿದದ್ದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಆ ಒಪ್ಪಂದ ನಿಂತಿದ್ದರೆ ಇನ್ನಷ್ಟು ಜನ ಹಾಸನದ ಬಸ್ಸು ಹತ್ತುತ್ತಿದ್ದರು. ಆಳು ಸಿಗುತ್ತಿಲ್ಲ ಎಂದು ಎಲ್ಲ ಕಡೆ ಕೇಳುತ್ತೇವೆ. ಆಳು ಇದ್ದಾರೆ, ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತು ನೋಡಿದರೆ ಸಾಕು. ಈ ಕೂಲಿಗೆ, ಈ ಷರತ್ತಿಗೆ ಇಲ್ಲ.

ಗದ್ದೆ ಸೋತದ್ದು

ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಹಳ್ಳದ ಪಕ್ಕದ ಗದ್ದೆ. ಕಾಫಿ ಹೇಗೋ ಏರಿದ ಕೂಲಿ ತಡೆದುಕೊಂಡಿತು. ಭತ್ತಕ್ಕೆ ಆಗಲಿಲ್ಲ.

ಲೆಕ್ಕ ನೋಡಿ. 2010-11ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 1,000. 2011ರ ಜನವರಿಯಿಂದ ಖಾತ್ರಿ ಕೂಲಿ 125. ಒಂದು ಕ್ವಿಂಟಾಲ್ ಭತ್ತದ ದುಡ್ಡಿನಲ್ಲಿ ಎಂಟು ಆಳಿನ ಕೂಲಿ ಕೊಡಬಹುದಿತ್ತು. 2025-26ರಲ್ಲಿ ಭತ್ತ 2,369, ಖಾತ್ರಿ ಕೂಲಿ 370. ಆ ದುಡ್ಡು ಆರೂವರೆ ಆಳಿಗೂ ಸಾಲುವುದಿಲ್ಲ. ಇದು ಸರ್ಕಾರಿ ದರದ ಲೆಕ್ಕ. ನಾಟಿ ಹೊತ್ತಿಗೆ ಊರಲ್ಲಿ ನಡೆಯುವ ಕೂಲಿ ಹಿಡಿದರೆ, 450ರ ಪ್ರಕಾರ, ಐದು ಆಳು. ಉಳುವುದಕ್ಕೆ ಟಿಲ್ಲರ್ ಬಂತು, ಬಯಲಿನ ಕಡೆ ಕೊಯ್ಯುವ ಯಂತ್ರವೂ ಬಂತು. ಮಲೆನಾಡಿನ ಜೌಗು, ತುಂಡು ತುಂಡು ಮಡಿಗಳಲ್ಲಿ ದೊಡ್ಡ ಯಂತ್ರ ಹೂತುಹೋಗುತ್ತದೆ. ಅಗೆ ಕಿತ್ತು ನಾಟಿ ಮಾಡಲು ಕೈಗಳೇ ಬೇಕು.

ಮೊದಮೊದಲು ತೋಟದ ಮಾಲೀಕರು ಮನೆ ಊಟಕ್ಕೆ ಬೇಕಾದಷ್ಟು ಅಂತ ಒಂದು ಭಾಗ ಮಾತ್ರ ನೆಟ್ಟರು. ಆಮೇಲೆ ಶುಂಠಿಗೆ ಗುತ್ತಿಗೆ ಕೊಟ್ಟರು. ಶುಂಠಿ ಬೆಳೆದ ನೆಲದಲ್ಲಿ ರೋಗ ಕೂತಿತು. ಈಗ ಅದು ಪಾಳು. ಆಲೂರಿನಿಂದ ಸಕಲೇಶಪುರದ ತನಕ ಇಂಥ ಪಾಳು ಗದ್ದೆಗಳು ಕಣ್ಣಿಗೆ ಬೀಳುತ್ತವೆ. ಜನ ಸೋಮಾರಿಗಳಾದರು, ಎರಡು ಸಾವಿರ ಬರುತ್ತೆ, ಅಕ್ಕಿ ಪುಕ್ಕಟೆ ಅಂತ ಬೈಯುವುದು ಸುಲಭ. ಹಾಸನದ ಹೊಲಿಗೆ ಯಂತ್ರದ ಸಂಬಳ ಮಲೆನಾಡಿನ ಭತ್ತದ ಮಡಿಯನ್ನು ತಲುಪಿ ಅದನ್ನು ಸೋಲಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಗದ್ದೆ ಹೋದರೆ ನೀರು ಇಂಗುವುದು ಹೋಯಿತು, ಹುಲ್ಲು ಹೋಯಿತು, ಹುಲ್ಲಿನ ಹಿಂದೆ ದನವೂ ಹೋಯಿತು, ತೋಟಕ್ಕೆ ಸಿಗುತ್ತಿದ್ದ ಗೊಬ್ಬರವೂ ಹೋಯಿತು. ಆ ನಷ್ಟವನ್ನು ಯಾವ ಕೂಲಿ ಲೆಕ್ಕದಲ್ಲೂ ಬರೆಯುವುದಿಲ್ಲ.

ಏರಿಕೆ ಯಾರನ್ನು ಮುಟ್ಟಲಿಲ್ಲ

ಒಂದು ಕಡೆ ಸಂಬಳ ಏರಿದರೆ ಎಲ್ಲ ಕಡೆ ಏರುತ್ತದೆ ಎಂದು ಹೇಳಿಬಿಟ್ಟರೆ ಅರ್ಧ ಸತ್ಯ. ಬಿಟ್ಟು ಹೋಗಬಲ್ಲವರಿಗೆ ಮಾತ್ರ ಏರುತ್ತದೆ.

ಸುತ್ತಲಿನ ದೊಡ್ಡ ತೋಟಗಳ ಲೈನ್ ಮನೆಗಳಲ್ಲಿ ಇರುವವರನ್ನು ನೋಡಿ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ. ಮಕ್ಕಳ ಶಾಲೆ ಅಲ್ಲೇ ಇದೆ. ಮುಂಗಡ ತೀರಿಲ್ಲ. ಸಾಲಕ್ಕೆ ಕಟ್ಟಿಹಾಕಿ ದುಡಿಸುವುದನ್ನು 1976ರ ಕಾಯ್ದೆ ನಿಷೇಧಿಸಿದೆ. ಹಾಗೆ ಕಟ್ಟಿಹಾಕದಿದ್ದರೂ, ತೀರದ ಮುಂಗಡ ಇರುವವರು ಶುಂಠಿ ಹೊಲದ ಕೂಲಿ ತೋರಿಸಿ ಚೌಕಾಸಿ ಮಾಡಲಾರರು. ಅಸ್ಸಾಮಿನಿಂದ ಬಂದವರ ಸ್ಥಿತಿಯೂ ಹತ್ತಿರದ್ದೇ. ಭಾಷೆ ಗೊತ್ತಿಲ್ಲ, ಪಕ್ಕದ ತೋಟದಲ್ಲಿ ಎಷ್ಟು ಕೊಡುತ್ತಾರೆ ಅಂತ ಗೊತ್ತಾಗುವುದು ತಡ, ಗೊತ್ತಾದರೂ ಕರೆದುಕೊಂಡು ಬಂದ ಮೇಸ್ತ್ರಿಯನ್ನು ಬಿಟ್ಟು ಹೋಗುವುದು ಕಷ್ಟ. ಅವರು ಬಂದದ್ದರಿಂದಲೇ ಊರಿನವರ ಕೂಲಿ ಇನ್ನಷ್ಟು ಏರದೆ ನಿಂತಿದೆ ಎಂದು ಇಲ್ಲಿಯ ಹೆಣ್ಣುಮಕ್ಕಳಿಗೆ ಸಿಟ್ಟಿದೆ. ಸಿಟ್ಟಿನಲ್ಲಿ ಸತ್ಯವೂ ಇದೆ. ತಪ್ಪು ಮಾತ್ರ ಬಂದವರದ್ದಲ್ಲ.

ಹೆಣ್ಣಾಳು ಗಂಡಾಳಿನ ವ್ಯತ್ಯಾಸವೂ ಪೂರ್ತಿ ಹೋಗಿಲ್ಲ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅದು ಮಾಡದ ಕೆಲಸವನ್ನು ಗಾರ್ಮೆಂಟ್ಸ್ ಬಸ್ಸು ಸ್ವಲ್ಪ ಮಾಡಿದೆ. ಹೆಂಗಸರಿಗೇ ಬೇಡಿಕೆ ಇರುವ ಉದ್ಯಮ ಹತ್ತಿರ ಬಂದದ್ದರಿಂದ ತೋಟದವರು ಹೆಣ್ಣಾಳಿನ ದರವನ್ನು ಗಂಡಾಳಿನದ್ದಕ್ಕಿಂತ ಬೇಗ ಏರಿಸಬೇಕಾಯಿತು. ಕೆಜಿ ಲೆಕ್ಕದ ಕೊಯ್ಲಿನಲ್ಲಂತೂ ಭೇದವೇ ಇಲ್ಲ, ತಕ್ಕಡಿ ಎಲ್ಲರಿಗೂ ಒಂದೇ. ಆದರೆ ನಲವತ್ತೈದು ದಾಟಿದವರನ್ನು ಕಾರ್ಖಾನೆ ಹೊಸದಾಗಿ ಸೇರಿಸಿಕೊಳ್ಳುವುದು ಅಪರೂಪ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರೆ ಬೆಳಿಗ್ಗೆ ಹೋಗಿ ರಾತ್ರಿ ಬರುವ ಕೆಲಸ ಆಗುವುದಿಲ್ಲ. ಅಂಥವರಿಗೆ ತೋಟವೇ ಗತಿ. ಚಿಗುರು ತೆಗೆಯುವುದು, ಕಳೆ ಕೀಳುವುದು ಅವರ ಪಾಲಿನ ಕೆಲಸ, ಅದರ ಕೂಲಿ ನಿಧಾನವಾಗಿ ಏರಿತು.

ಅವರು ಮಾಡಿಕೊಂಡ ಬದಲಾವಣೆ

ಹನ್ನೆರಡು ಎಕರೆಯವರು ಸುಮ್ಮನೆ ಕೂರಲಿಲ್ಲ. ಕಾಂಡಕೊರಕ ಹಿಡಿದ ಅರೇಬಿಕಾ ಗಿಡ ಕಿತ್ತ ಕಡೆಯೆಲ್ಲ ರೋಬಸ್ಟಾ ಹಾಕಿದರು. ಅರೇಬಿಕಾ ಹಣ್ಣನ್ನು ಮಾಗಿದಂತೆಲ್ಲ ಸರದಿಯಲ್ಲಿ ಕೊಯ್ದು ಅದೇ ದಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರಿಗೆ ಹಾಕಬೇಕು, ಕೊರಕದ ಹುಳ ಹುಡುಕುತ್ತಾ ಗಿಡ ಗಿಡ ತಿರುಗಬೇಕು. ರೋಬಸ್ಟಾಕ್ಕೆ ಅಷ್ಟು ಕೈ ಬೇಡ. ಕಳೆಗೆ ಯಂತ್ರ ತಂದರು. ಇವೆಲ್ಲ ಸುತ್ತಲಿನ ಎಲ್ಲರೂ ಮಾಡಿದ್ದೇ.

ಬೇರೆಯವರು ಮಾಡದ ಒಂದನ್ನೂ ಮಾಡಿದರು. ಕೂಲಿಯನ್ನು ಕೊಯ್ಲಿನ ನಡುವೆ ಕಣದಲ್ಲಿ ಜಗ್ಗಾಡುವುದು ಬಿಟ್ಟು, ಅಕ್ಟೋಬರಿನಲ್ಲೇ ಕೂತು ಮಾತಾಡತೊಡಗಿದರು. ಪ್ರತಿ ವರ್ಷ ಏಪ್ರಿಲ್ 1ರಿಂದ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತದೆ, ಅದರ ಮೇಲೆ ಗಾರ್ಮೆಂಟ್ಸ್ ಸಂಬಳವೂ ಏರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡು, ಕಾರ್ಖಾನೆಯಲ್ಲಿ ಎಷ್ಟು ಏರಿತೋ ಅಷ್ಟಕ್ಕೆ ಕಮ್ಮಿ ಇಲ್ಲದಂತೆ ತೋಟದಲ್ಲೂ ಏರಿಸುವುದು ಅಂತ ಒಪ್ಪಿಕೊಂಡರು. ಕೊಯ್ಲು ಮುಗಿಯುವ ತನಕ ಬಿಡದೆ ಬಂದವರಿಗೆ ಕೊನೆಗೆ ಒಂದಿಷ್ಟು ಒಟ್ಟಿಗೆ. ಮಳೆಗಾಲದಲ್ಲೂ ತಿಂಗಳಿಗೆ ಇಂತಿಷ್ಟು ದಿನ ಕೆಲಸ ಕೊಟ್ಟೇ ಕೊಡುತ್ತೇನೆ ಎಂಬ ಮಾತು. ಈ ಕೊನೆಯದನ್ನು ಕೇಳಿದ್ದು ಹೆಣ್ಣುಮಕ್ಕಳೇ. ದರಕ್ಕಿಂತ ಜಾಸ್ತಿ ಹೊತ್ತು ಅವರು ವಾದ ಮಾಡಿದ್ದು ಇದಕ್ಕೆ, ಸಂಘದ ಕಂತು ನೆನೆಸಿಕೊಂಡು.

ಪಿಎಫ್, ಇಎಸ್‌ಐ ಮಾತು ಬಂದಾಗ ಮಾಲೀಕರ ಹತ್ತಿರ ಉತ್ತರ ಇರಲಿಲ್ಲ. ಹನ್ನೆರಡು ಎಕರೆಯ ಒಬ್ಬರಿಂದ ಆಗುವ ಕೆಲಸವೂ ಅಲ್ಲ ಅದು. ಸಣ್ಣ ಬೆಳೆಗಾರರು ಹತ್ತಿಪ್ಪತ್ತು ಜನ ಸೇರಿ, ಒಂದೇ ಹಾಜರಿ ಪುಸ್ತಕ ಇಟ್ಟು, ಎಲ್ಲ ತೋಟಗಳಿಗೂ ಸರದಿಯಲ್ಲಿ ಒಂದೇ ತಂಡ ಹೋಗುವಂತೆ ಮಾಡಿದರೆ ವರ್ಷಪೂರ್ತಿ ಕೆಲಸವೂ ಆಗುತ್ತದೆ, ಪಿಎಫ್ ಕಟ್ಟುವುದಕ್ಕೂ ದಾರಿಯಾಗುತ್ತದೆ. ಸಹಕಾರ ಸಂಘ ಕಟ್ಟಿ ಕಾಫಿ ಮಾರಿದ ಅನುಭವ ಈ ಜಿಲ್ಲೆಗೆ ಇದೆ. ಕೆಲಸಕ್ಕೂ ಅಂಥದ್ದೊಂದು ಕಟ್ಟಲು ಆಗದು ಎಂದು ನನಗನಿಸುವುದಿಲ್ಲ. ಅವರಿಗೆ ಇದನ್ನು ಹೇಳಿದಾಗ, ಪಕ್ಕದ ಇಬ್ಬರನ್ನು ಮೊದಲು ಒಪ್ಪಿಸಿ ನೋಡುತ್ತೇನೆ ಅಂದರು. ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಅಸ್ಸಾಮಿನ ತಂಡಕ್ಕೆ ಆಗಲೇ ಮುಂಗಡ ಕೊಟ್ಟಾಗಿದೆ, ಮುಂದಿನ ವರ್ಷ ನೋಡೋಣ ಎಂದಿದ್ದಾರೆ.